ಕೆಟ್ಟದ್ದು ಫ್ಯೂಸು, ಎಸೆಯಹೊರಟದ್ದು ಫ್ರಿಜ್ಜು

ಕಳೆದ ಮಳೆಗಾಲದಲ್ಲಿ ಕನಕಪುರ ತಾಲ್ಲೂಕಿನ ಬೆಟ್ಟದಂಚಿನ ಊರೊಂದರಲ್ಲಿರುವ ನನ್ನ ಅತ್ತಿಗೆಯ ಮನೆಗೆ ಹೋಗಿದ್ದೆ. ಜಗಲಿಯ ಮೇಲೆ, ರಾಗಿ ಮೂಟೆಗಳ ಪಕ್ಕದಲ್ಲಿ, ಎರಡು ಬಾಗಿಲಿನ ಫ್ರಿಜ್ಜೊಂದು ಗೋಡೆಗೆ ಮುಖ ಮಾಡಿ ನಿಂತಿತ್ತು. ಒಂಬತ್ತು ವರ್ಷಗಳ ಹಿಂದೆ ಸ್ತ್ರೀಶಕ್ತಿ ಸಂಘದ ಸಾಲದಲ್ಲಿ ಕೊಂಡದ್ದು. ಸಾಲ ತೀರಲು ಎರಡು ವರ್ಷ ಹಿಡಿದಿತ್ತು. ‘ಕೆಟ್ಟೋಯ್ತು ಕಣಪ್ಪ, ಗುಜರಿಯೋನು ನಾಳೆ ನಾಡಿದ್ದರಲ್ಲಿ ಬತ್ತಾನೆ’ ಎಂದರು ಅತ್ತಿಗೆ.

ಏನಾಗಿತ್ತೆಂದು ಕೇಳಿದೆ. ಮೇಲಿನ ಪೆಟ್ಟಿಗೆಯಲ್ಲಿ ಐಸು ಕಟ್ಟುತ್ತಿತ್ತಂತೆ. ಕೆಳಗಿನ ಪೆಟ್ಟಿಗೆಯಲ್ಲಿ ಮಾತ್ರ ಹಾಲು ಒಡೆಯುತ್ತಿತ್ತು, ದೋಸೆ ಹಿಟ್ಟು ರಾತ್ರಿ ಕಳೆಯುವುದರೊಳಗೆ ಹುಳಿಯುತ್ತಿತ್ತು. ಪೇಟೆಯಿಂದ ಕರೆಸಿದ ರಿಪೇರಿಯವನು ಹತ್ತು ನಿಮಿಷ ನಿಂತು, ಬಾಗಿಲು ತೆಗೆದು ಹಾಕಿ, ‘ಬೋರ್ಡು ಹೋಗಿದೆ, ಗ್ಯಾಸೂ ಕಮ್ಮಿಯಾಗಿದೆ, ಒಂಬತ್ತು ಸಾವಿರ ಆಗುತ್ತೆ, ಅದರ ಬದಲು ಎಕ್ಸ್‌ಚೇಂಜ್‌ನಲ್ಲಿ ಹೊಸದು ತಗೊಳ್ಳಿ’ ಎಂದು ಹೇಳಿ, ಬಂದುಹೋದದ್ದಕ್ಕೆ ನಾನೂರು ರೂಪಾಯಿ ಇಸಿದುಕೊಂಡು ಹೋಗಿದ್ದ. ಒಂದು ಸ್ಕ್ರೂವನ್ನೂ ಅವನು ಬಿಚ್ಚಿರಲಿಲ್ಲ.

ನೆರೆಮನೆಯ ಹುಡುಗನೊಬ್ಬ ಐಟಿಐನಲ್ಲಿ ಫ್ರಿಜ್ಜು ಮತ್ತು ಎ.ಸಿ. ಮೆಕ್ಯಾನಿಕ್ ವೃತ್ತಿಯನ್ನು ಕಲಿಯುತ್ತಿದ್ದಾನೆ. ಅವನನ್ನು ಕರೆದು ಬಿಚ್ಚಿಸಿದೆವು. ಆ ಫ್ರಿಜ್ಜಿನಲ್ಲಿ ಬೋರ್ಡೇ ಇರಲಿಲ್ಲ! ಹಿಮ ಕರಗಿಸುವ ಕೆಲಸಕ್ಕೆ ಅದರಲ್ಲಿದ್ದದ್ದು ಹಲ್ಲಿನ ಚಕ್ರಗಳ ಒಂದು ಸಾದಾ ಟೈಮರ್. ಕೆಟ್ಟಿದ್ದವು ಎರಡು ಬಿಡಿಭಾಗಗಳು, ಎರಡನ್ನೂ ಸೇರಿಸಿದರೆ ಒಂದು ಬೆಂಕಿಪೊಟ್ಟಣದಷ್ಟು. ಅವುಗಳ ಬೆಲೆ ಮುನ್ನೂರು ರೂಪಾಯಿಯನ್ನೂ ಮುಟ್ಟಲಿಲ್ಲ.

ಇದನ್ನು ಒಂದು ಮನೆಯ ಕಥೆಯೆಂದು ಬಿಟ್ಟುಬಿಡಬಹುದಿತ್ತು. ಆದರೆ ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರದ ಯಾವ ಗುಜರಿ ಅಂಗಡಿಯ ಮುಂದೆ ನಿಂತರೂ ಹೊಳೆಯುವ ಬಾಗಿಲಿನ, ಬಣ್ಣ ಮಾಸದ, ತುಕ್ಕು ಹಿಡಿಯದ ಫ್ರಿಜ್ಜುಗಳು ಕಣ್ಣಿಗೆ ಬೀಳುತ್ತವೆ. ಅವುಗಳಲ್ಲಿ ಎಷ್ಟು ನಿಜವಾಗಿ ಸತ್ತವು, ಎಷ್ಟು ಸತ್ತವೆಂದು ಹೇಳಿಸಿಕೊಂಡವು? ಈ ಪ್ರಶ್ನೆಯನ್ನು ಪರಿಸರ ಚಳವಳಿಯವರಾದ ನಾವು ಕೇಳಿಕೊಂಡಿಲ್ಲ. ಕಲ್ಲುಗಣಿಯ ಲಾರಿಗಳನ್ನು ತಡೆದು ನಿಲ್ಲಿಸುವಾಗ ನಮಗಿರುವ ರೋಷ, ಗುಜರಿ ಗಾಡಿಯೇರಿ ಹೋಗುವ ಕಬ್ಬಿಣ, ತಾಮ್ರ, ಅಲ್ಯೂಮಿನಿಯಂಗಳನ್ನು ಕಂಡಾಗ ಬರುವುದಿಲ್ಲ. ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತಾಗ ನಾಡಿನ ಪರಿಸರವಾದಿಗಳೆಲ್ಲ ಹಿಗ್ಗಿದರು. ಹಿಗ್ಗಬೇಕಾದದ್ದೇ. ಆದರೆ ಕಬ್ಬಿಣದ ಹಸಿವು ನಿಲ್ಲಲಿಲ್ಲ, ಗುದ್ದಲಿ ಬೇರೆ ಬೆಟ್ಟಕ್ಕೆ ಹೋಯಿತು, ಅಷ್ಟೆ. ಒಂಬತ್ತು ವರ್ಷಕ್ಕೇ ಗುಜರಿಗೆ ಬೀಳುವ ಪ್ರತಿಯೊಂದು ಪೆಟ್ಟಿಗೆಯೂ ಆ ಗುದ್ದಲಿಗೆ ಕೊಡುವ ಕೂಲಿಯಾಗಿದೆ.

ಇಲ್ಲಿ ನಮ್ಮವರೇ ಎತ್ತುವ ಒಂದು ಆಕ್ಷೇಪಕ್ಕೆ ಮೊದಲೇ ಉತ್ತರ ಹೇಳಿಬಿಡಬೇಕು. ‘ಹಳ್ಳಿಯ ಮನೆಗೆ ಫ್ರಿಜ್ಜು ಏಕೆ, ಮಣ್ಣಿನ ಮಡಕೆ ಸಾಲದೆ’ ಎಂದು ನಮ್ಮ ಸಭೆಗಳಲ್ಲಿ ಕೇಳುವ ಗೆಳೆಯರಿದ್ದಾರೆ. ಅವರಲ್ಲಿ ಹೆಚ್ಚಿನವರು ಗಂಡಸರು. ಬೆಳಗ್ಗೆ ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳುಗಳಿಗೆ ಹಾಕಿ, ಹಸು ಕರೆದು, ಡೇರಿಗೆ ಹಾಲು ಹಾಕಿ ಬರುವ ಹೆಂಗಸಿಗೆ ಮಧ್ಯಾಹ್ನದ ಸಾರನ್ನು ರಾತ್ರಿಯವರೆಗೆ ಉಳಿಸಿಕೊಡುವ ಪೆಟ್ಟಿಗೆ ವಿಲಾಸದ ವಸ್ತುವಲ್ಲ. ಮನೆಯಲ್ಲಿ ಇನ್ಸುಲಿನ್ ಚುಚ್ಚಿಸಿಕೊಳ್ಳುವ ಮುದುಕರಿದ್ದರಂತೂ ಹೇಳುವುದೇ ಬೇಡ. ಫ್ರಿಜ್ಜು ಬೇಡವೆಂಬ ಉಪದೇಶ ನನ್ನದಲ್ಲ. ಕೊಂಡ ಫ್ರಿಜ್ಜು ಇಪ್ಪತ್ತು ವರ್ಷ ಬಾಳಬೇಕು, ಬಾಳಬಲ್ಲುದು, ಬಾಳದಂತೆ ಮಾಡುತ್ತಿರುವವರು ಯಾರೆಂದು ಕೇಳೋಣ ಎಂಬುದು ನನ್ನ ವಾದ.

ಕೇಳಬೇಕಾದರೆ ಯಂತ್ರದ ಒಳಗನ್ನು ತಿಳಿದಿರಬೇಕು. ತಿಳಿಯದವನಿಗೆ ರಿಪೇರಿಯವನ ಮಾತೇ ವೇದ.

ಹಳೆಯ ಒಂದೇ ಬಾಗಿಲಿನ ಫ್ರಿಜ್ಜುಗಳಲ್ಲಿ ಐಸು ಕಣ್ಣೆದುರಿಗೇ ಕಟ್ಟುತ್ತದೆ. ಬೆರಳಷ್ಟು ದಪ್ಪವಾದಾಗ ಥರ್ಮೋಸ್ಟಾಟಿನ ತಿರುಗಣೆಯ ನಡುವಿನ ಗುಂಡಿಯನ್ನು ಒತ್ತಿದರೆ ಕಂಪ್ರೆಸರ್ ನಿಲ್ಲುತ್ತದೆ, ಐಸು ಕರಗಿ ತಟ್ಟೆಗೆ ಇಳಿಯುತ್ತದೆ, ಬಳಿಕ ಯಂತ್ರ ತಾನಾಗಿ ಮತ್ತೆ ಹೊರಡುತ್ತದೆ. ಕೆಡಲು ಅಲ್ಲಿ ಹೆಚ್ಚೇನೂ ಇಲ್ಲ. ಎರಡು ಬಾಗಿಲಿನವು ಬಂದಾಗ ‘ಫ್ರಾಸ್ಟ್ ಫ್ರೀ’ ಎಂಬ ಹೆಸರೂ ಬಂದಿತು, ಅಂದರೆ ಹಿಮವೇ ಇಲ್ಲದ ಫ್ರಿಜ್ಜು. ಈ ಹೆಸರೇ ಅರ್ಧ ಸುಳ್ಳು. ಹಿಮ ಅಲ್ಲಿಯೂ ಕಟ್ಟುತ್ತದೆ, ನಮಗೆ ಕಾಣದಂತೆ ಕಟ್ಟುತ್ತದೆ. ಮೇಲಿನ ಪೆಟ್ಟಿಗೆಯ ಹಿಂಬದಿಯ ಪ್ಲಾಸ್ಟಿಕ್ ಫಲಕದ ಆಚೆ ಅಲ್ಯೂಮಿನಿಯಂ ರೆಕ್ಕೆಗಳ ಒಂದು ಕಾಯಿಲ್ ಇದೆ. ಫ್ರಿಜ್ಜಿನ ತಂಪೆಲ್ಲ ಹುಟ್ಟುವುದು ಅಲ್ಲಿಯೇ. ಒಂದು ಸಣ್ಣ ಫ್ಯಾನು ಆ ಕಾಯಿಲ್ ಮೇಲೆ ಗಾಳಿಯಾಡಿಸಿ ತಂಪನ್ನು ಮೇಲಕ್ಕೂ ಕೆಳಕ್ಕೂ ಕಳುಹಿಸುತ್ತದೆ. ನಾವು ಬಾಗಿಲು ತೆರೆದಾಗಲೆಲ್ಲ ಒಳಗೆ ನುಗ್ಗುವ ತೇವ ಕಾಯಿಲ್ ಮೇಲೆ ಹಿಮವಾಗಿ ಕೂರುತ್ತದೆ. ಸಾವನದುರ್ಗದ ಸೀಮೆಯಲ್ಲಿ ಸೋನೆ ಹಿಡಿದ ದಿನಗಳಲ್ಲಿ ಹೆಚ್ಚು, ಮಾರ್ಚ್ ತಿಂಗಳ ಒಣ ಬಿಸಿಲಿನಲ್ಲಿ ಕಡಿಮೆ.

ಈ ಹಿಮವನ್ನು ಕಾಲಕಾಲಕ್ಕೆ ಕರಗಿಸುವವರು ನಾಲ್ವರು. ಕಂಪ್ರೆಸರ್ ಆರರಿಂದ ಹನ್ನೆರಡು ಗಂಟೆ ಓಡಿದೊಡನೆ ಟೈಮರ್ ಅದನ್ನು ನಿಲ್ಲಿಸಿ, ಕಾಯಿಲ್‌ನ ಕೆಳಗಿರುವ ಹೀಟರಿಗೆ ಕರೆಂಟು ಕೊಡುತ್ತದೆ. ಹೀಟರ್ ಹಿಮವನ್ನು ಕರಗಿಸುತ್ತದೆ. ಕಾಯಿಲ್ ಸುಮಾರು ಹತ್ತು ಹನ್ನೆರಡು ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಬೈಮೆಟಲ್ ಎಂಬ ಬಿಲ್ಲೆ ತನ್ನೊಳಗಿನ ಸಂಪರ್ಕವನ್ನು ಬಿಡಿಸಿ ಹೀಟರನ್ನು ಆರಿಸುತ್ತದೆ. ಬೈಮೆಟಲ್ ಅಂಟಿಕೊಂಡು ಹೀಟರ್ ಆರದೆ ಉರಿಯುತ್ತಲೇ ಇದ್ದರೆ, ಪ್ಲಾಸ್ಟಿಕ್ ಕರಗಿ ಮನೆಗೆ ಬೆಂಕಿ ತಗಲುವ ಮೊದಲೇ ಶಾಖದ ಫ್ಯೂಸು ಕಡಿದುಹೋಗುತ್ತದೆ. ಕರಗಿದ ನೀರು ಒಂದು ನಳಿಕೆಯಲ್ಲಿ ಇಳಿದು, ಹಿಂದೆ ಕಂಪ್ರೆಸರಿನ ಬಿಸಿಗೆ ತಟ್ಟೆಯಲ್ಲಿ ಆವಿಯಾಗುತ್ತದೆ. ಇಪ್ಪತ್ತು ಮೂವತ್ತು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ, ಮನೆಯವರಿಗೆ ಗೊತ್ತೂ ಆಗುವುದಿಲ್ಲ.

ನಾಲ್ವರಲ್ಲಿ ಒಬ್ಬನು ಕೈಕೊಟ್ಟರೂ ಹಿಮ ಕರಗುವುದಿಲ್ಲ. ದಿನದಿಂದ ದಿನಕ್ಕೆ ಗೋಡೆಯಂತೆ ಬೆಳೆದು ಗಾಳಿಯ ದಾರಿಯನ್ನು ಮುಚ್ಚುತ್ತದೆ. ಮೇಲೆ ಐಸು, ಕೆಳಗೆ ಬೆಚ್ಚಗೆ ಎಂಬ ಅತ್ತಿಗೆಯ ದೂರಿಗೆ ಕಾರಣ ಇದೇ. ಕಂಪ್ರೆಸರ್ ಚೆನ್ನಾಗಿದೆ, ಗ್ಯಾಸು ಇದೆ, ತಂಪು ಹುಟ್ಟುತ್ತಿದೆ, ಆದರೆ ಹಿಮದ ಗೋಡೆಯ ಹಿಂದೆ ಸೆರೆಯಾಗಿದೆ.

ಈಗ ‘ಗ್ಯಾಸು ಕಮ್ಮಿಯಾಗಿದೆ’ ಎಂಬ ಮಾತನ್ನು ನೋಡೋಣ. ಫ್ರಿಜ್ಜಿನ ಗ್ಯಾಸು ಲಾರಿಯ ಡೀಸೆಲಿನಂತೆ ಓಡಿದಷ್ಟೂ ಖರ್ಚಾಗುವ ವಸ್ತುವಲ್ಲ. ಬೆಸುಗೆ ಹಾಕಿದ ಕೊಳವೆಗಳೊಳಗೆ ಅದೇ ಗ್ಯಾಸು ವರ್ಷಗಟ್ಟಲೆ ಸುತ್ತುತ್ತದೆ. ಕಡಿಮೆಯಾಗಿದ್ದರೆ ಎಲ್ಲಿಯೋ ತೂತಿದೆ. ತೂತು ಹುಡುಕದೆ ಗ್ಯಾಸು ತುಂಬುವುದೆಂದರೆ ತೂತುಬಿದ್ದ ಕೊಡಕ್ಕೆ ನೀರು ಹೊತ್ತಂತೆ. ಫಲಕವನ್ನು ಬಿಚ್ಚಿ ನೋಡಿದರೆ ಸಂದೇಹವೇ ಉಳಿಯುವುದಿಲ್ಲ: ಕಾಯಿಲ್‌ನ ಉದ್ದಗಲಕ್ಕೂ ದಪ್ಪಗೆ ಬಿಳಿಯ ಹಿಮ ಕೂತಿದ್ದರೆ ಗ್ಯಾಸು ಸರಿಯಾಗಿದೆ, ಕರಗಿಸುವ ವ್ಯವಸ್ಥೆ ಕೆಟ್ಟಿದೆ. ಒಂದು ತುದಿಯಲ್ಲಿ ಮಾತ್ರ ಹಿಮ ಕಟ್ಟಿ ಉಳಿದದ್ದು ಬರಿದಾಗಿದ್ದರೆ ಆಗ ಗ್ಯಾಸಿನ ಮಾತು. ಬಿಚ್ಚಿ ನೋಡದೆ ಗ್ಯಾಸಿನ ಹೆಸರು ಹೇಳುವವನಿಗೆ ವೃತ್ತಿ ಗೊತ್ತಿಲ್ಲ, ಇಲ್ಲವೆ ಚೆನ್ನಾಗಿಯೇ ಗೊತ್ತಿದೆ!

ಮನೆಯವರೇ ಮಾಡಬಹುದಾದ ಮೊದಲ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಫ್ರಿಜ್ಜನ್ನು ಬರಿದು ಮಾಡಿ, ಪ್ಲಗ್ಗು ಕಿತ್ತು, ಎರಡೂ ಬಾಗಿಲು ತೆರೆದು ಇಪ್ಪತ್ತನಾಲ್ಕು ಗಂಟೆ ಬಿಡಬೇಕು. ಕೆಳಗೆ ಹಳೆಯ ಬಟ್ಟೆ ಹಾಸಿದರೆ ಒಳ್ಳೆಯದು, ನೀರು ಬಹಳ ಬರುತ್ತದೆ. ಮತ್ತೆ ಹಚ್ಚಿದಾಗ ನಾಲ್ಕು ದಿನವೋ ವಾರವೋ ಹೊಸದರಂತೆ ನಡೆದು, ಬಳಿಕ ಮೊದಲಿನಂತೆ ಕೆಳಗೆ ಬೆಚ್ಚಗಾದರೆ, ತಪ್ಪು ಹಿಮ ಕರಗಿಸುವ ವ್ಯವಸ್ಥೆಯದು. ಆ ವಾರವಿಡೀ ನಡೆದ ಕಂಪ್ರೆಸರೇ ತಾನು ಸತ್ತಿಲ್ಲವೆಂದು ಸಾಕ್ಷಿ ಹೇಳಿದಂತಾಯಿತು. ಅವಸರಕ್ಕೆ ಚಾಕು, ಸ್ಕ್ರೂಡ್ರೈವರುಗಳಿಂದ ಐಸು ಕೆತ್ತುವವರಿದ್ದಾರೆ. ದಯವಿಟ್ಟು ಬೇಡ. ಅಲ್ಯೂಮಿನಿಯಂ ಕೊಳವೆ ಒಮ್ಮೆ ತೂತಾದರೆ ಮುನ್ನೂರು ರೂಪಾಯಿಯ ರಿಪೇರಿ ನಿಜವಾಗಿಯೂ ಸಾವಿರಗಳಿಗೆ ಹೋಗುತ್ತದೆ.

ಉಳಿದದ್ದು ಕಲಿತವರ ಕೆಲಸ. ಆದರೂ ಐಟಿಐ ವಿದ್ಯಾರ್ಥಿಗಳು ಈ ಪತ್ರಿಕೆಯನ್ನು ಓದುವುದರಿಂದ ಬರೆಯುತ್ತೇನೆ. ಪ್ಲಗ್ಗು ಕಿತ್ತ ಮೇಲೆಯೇ ಕೈಹಾಕಬೇಕು. ಅಲ್ಲಿರುವುದು 230 ವೋಲ್ಟು, ಜೊತೆಗೆ ನೀರು. ಹೀಟರ್‌ನ ಎರಡು ತುದಿಗಳನ್ನು ಬಿಡಿಸಿ ಮಲ್ಟಿಮೀಟರಿನಲ್ಲಿ ಅಳೆದರೆ, 150 ವ್ಯಾಟಿನದಾದರೆ ಸುಮಾರು 350 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ತಂತಿ ಕಡಿದಿದೆ. ಫ್ಯೂಸು ಸೊನ್ನೆ ಓಮ್ ತೋರಿಸಬೇಕು. ಬೈಮೆಟಲ್‌ನಲ್ಲಿಯೇ ಅನೇಕರು ಎಡವುವುದು. ಬೆಚ್ಚಗಿರುವಾಗ ಅದು ಬಿಟ್ಟುಕೊಂಡಿರುವುದೇ ಸರಿ, ಅದನ್ನು ಕಂಡು ಕೆಟ್ಟಿದೆಯೆಂದು ಬಿಸಾಡುವವರಿದ್ದಾರೆ. ಲೋಟದಲ್ಲಿ ಐಸಿಗೆ ಉಪ್ಪು ಬೆರೆಸಿ, ಬಿಲ್ಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದರೊಳಗೆ ಹುಗಿದಿಟ್ಟು, ಕಾಲು ಗಂಟೆಯ ಬಳಿಕ ಅಳೆದಾಗ ಸಂಪರ್ಕ ಕೂಡಿಕೊಂಡಿದ್ದರೆ ಅದು ಆರೋಗ್ಯವಾಗಿದೆ. ಅತ್ತಿಗೆಯ ಫ್ರಿಜ್ಜಿನಲ್ಲಿ ಆದದ್ದು ಇದರ ತಿರುಗುಮುರುಗು. ಬೈಮೆಟಲ್ ಬೆಚ್ಚಗಿದ್ದಾಗಲೂ ಕೂಡಿಕೊಂಡೇ ಇತ್ತು. ಅದು ಅಂಟಿಕೊಂಡದ್ದರಿಂದ ಹೀಟರ್ ಅತಿಯಾಗಿ ಕಾಯ್ದು ಫ್ಯೂಸು ಕಡಿದಿತ್ತು. ಫ್ಯೂಸನ್ನಷ್ಟೇ ಹಾಕಿ ಬೈಮೆಟಲನ್ನು ಹಾಗೆಯೇ ಬಿಟ್ಟಿದ್ದರೆ ಹೊಸ ಫ್ಯೂಸೂ ಹೋಗುತ್ತಿತ್ತು. ಇನ್ನು ಕೆಲವರು ಫ್ಯೂಸಿನ ಜಾಗದಲ್ಲಿ ಒಂದು ತುಂಡು ತಂತಿ ಸುತ್ತಿ ‘ಡೈರೆಕ್ಟ್’ ಮಾಡಿ ಹೋಗುತ್ತಾರೆ. ಇದನ್ನು ರಿಪೇರಿಯೆಂದು ಕರೆಯಬಾರದು. ಈಚಿನ ಫ್ರಿಜ್ಜುಗಳಲ್ಲಿರುವ ಆರ್-600ಎ ಗ್ಯಾಸು ಉರಿಯುವ ಗುಣದ್ದು ಎಂಬುದನ್ನು ನೆನೆದರೆ ಆ ತಂತಿಯ ತುಂಡು ಎಂಥದೆಂದು ಅರ್ಥವಾದೀತು.

ಟೈಮರಿನ ಸಂಗತಿ ಇನ್ನೂ ವಿಚಿತ್ರ. ತಂಪು ಮಾಡುವ ಸರದಿಯಲ್ಲಿಯೇ ಅದು ನಿಂತುಹೋದರೆ ಹಿಮ ಬೆಳೆಯುತ್ತದೆ. ಕರಗಿಸುವ ಸರದಿಯಲ್ಲಿ ನಿಂತುಹೋದರೆ ಕಂಪ್ರೆಸರ್ ಹೊರಡುವುದೇ ಇಲ್ಲ, ದೀಪ ಉರಿಯುತ್ತದೆ, ಮೇಲೆ ಕೆಳಗೆ ಎಲ್ಲವೂ ಬೆಚ್ಚಗೆ. ‘ಕಂಪ್ರೆಸರ್ ಸತ್ತಿದೆ’ ಎಂಬ ತೀರ್ಪು ಹೊರಬೀಳುವುದು ಇಂಥ ಸಮಯದಲ್ಲಿಯೇ. ಟೈಮರಿನ ಮೈಮೇಲಿನ ಸೀಳಿಗೆ ಸ್ಕ್ರೂಡ್ರೈವರ್ ಹಾಕಿ ಟಕ್ ಎನ್ನುವವರೆಗೆ ನಿಧಾನವಾಗಿ ತಿರುಗಿಸಿ, ಪ್ಲಗ್ಗು ಹಾಕಿದಾಗ ಕಂಪ್ರೆಸರ್ ಗುಂಯ್‌ಗುಟ್ಟಿದರೆ ಸತ್ತದ್ದು ಕಂಪ್ರೆಸರಲ್ಲ, ಕೆಲವೇ ನೂರು ರೂಪಾಯಿಯ ಒಂದು ಗಡಿಯಾರ. ಎಷ್ಟು ಮನೆಗಳ ಎಷ್ಟು ಸಾವಿರಗಳು ಈ ಒಂದು ‘ಟಕ್’ ಶಬ್ದ ಕೇಳದ ಕಾರಣಕ್ಕೆ ಹೋಗಿವೆಯೋ!

ಬೋರ್ಡಿನ ಫ್ರಿಜ್ಜುಗಳ ಕಥೆ ಬೇರೆ, ಮತ್ತು ನನ್ನ ಸಿಟ್ಟಿನ ದೊಡ್ಡ ಪಾಲು ಅದಕ್ಕೇ ಮೀಸಲು. ಹೊಸ ಮಾದರಿಗಳಲ್ಲಿ ಟೈಮರಿನ ಜಾಗಕ್ಕೆ ಎಲೆಕ್ಟ್ರಾನಿಕ್ ಬೋರ್ಡು ಬಂದಿದೆ. ಬಾಗಿಲು ಎಷ್ಟು ಬಾರಿ ತೆರೆಯಿತು, ಕಂಪ್ರೆಸರ್ ಎಷ್ಟು ಹೊತ್ತು ಓಡಿತು ಎಂದು ಲೆಕ್ಕ ಹಾಕಿ ಬೇಕಾದಾಗಲಷ್ಟೇ ಹೀಟರ್ ಹಚ್ಚುವ ಜಾಣತನ ಅದಕ್ಕಿದೆ. ಅದರಿಂದ ಕರೆಂಟು ಉಳಿಯುವುದೂ ನಿಜ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಉಳಿಯುವುದು ಎಷ್ಟು? 150 ವ್ಯಾಟಿನ ಹೀಟರ್ ದಿನಕ್ಕೆ ಮೂರು ಬಾರಿ, ಒಂದೊಂದು ಸಲ ಇಪ್ಪತ್ತೈದು ನಿಮಿಷ ಉರಿದರೂ ಆಗುವ ಖರ್ಚು ಯೂನಿಟ್ಟಿನ ಐದನೆಯ ಒಂದು ಭಾಗ. ಅದರಲ್ಲಿ ಒಂದಂಶವನ್ನು ಉಳಿಸಲು ತಂದ ಬೋರ್ಡು ಸಿಡಿಲು ಮಿಂಚಿಗೆ, ಕರೆಂಟು ಹೋಗಿ ಬರುವಾಗಿನ ವೋಲ್ಟೇಜು ಏರಿಳಿತಕ್ಕೆ ಸುಟ್ಟುಹೋಗುತ್ತದೆ. ಮುಂಗಾರಿಗೆ ಮೊದಲಿನ ಗುಡುಗು ಮಳೆಯಲ್ಲಿ ನಮ್ಮ ಬೆಟ್ಟದ ಊರುಗಳ ಲೈನು ಹೇಗಿರುತ್ತದೆಂದು ಓದುಗರಿಗೆ ಹೇಳಬೇಕಾಗಿಲ್ಲ. ಹಲ್ಲುಚಕ್ರದ ಟೈಮರಾದರೋ ಕರೆಂಟು ಹೋದಾಗ ನಿಲ್ಲುತ್ತಿತ್ತು, ಬಂದಾಗ ನಿಂತಲ್ಲಿಂದಲೇ ಎಣಿಕೆ ಮುಂದುವರಿಸುತ್ತಿತ್ತು. ಸುಟ್ಟ ಬೋರ್ಡಿನಲ್ಲಿ ಕೆಟ್ಟಿರುವುದು ಹಲವು ಬಾರಿ ಒಂದು ರಿಲೇ, ಒಂದು ಕೆಪಾಸಿಟರ್. ಆದರೆ ಅದರ ನಕ್ಷೆಯನ್ನು ಕಂಪನಿಗಳು ಊರಿನ ಮೆಕ್ಯಾನಿಕ್ಕಿನ ಕೈಗೆ ಕೊಡುವುದಿಲ್ಲ, ಹಲವು ಬೋರ್ಡುಗಳ ಮೇಲೆ ಅಂಟು ಸುರಿದು ಮುಚ್ಚಿರುತ್ತಾರೆ, ಐದಾರು ವರ್ಷ ಕಳೆದರೆ ‘ಆ ಮಾಡೆಲ್ ನಿಂತಿದೆ’ ಎನ್ನುತ್ತಾರೆ. ಕೊಂಡವನಿಗೆ ತನ್ನ ವಸ್ತುವಿನ ಮೇಲಿದ್ದ ಒಡೆತನವೇ ಹೀಗೆ ಹಿಂಬಾಗಿಲಿನಿಂದ ಕೈತಪ್ಪಿಹೋಗುತ್ತದೆ.

ತಮಾಷೆಯೆಂದರೆ, ಸರ್ಕಾರ ತನಗೆ ಬೇಕಾದಾಗ ಈ ಬಲೆಗೆ ಬೀಳುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಾಗ ಲಸಿಕೆ ಇಡುವ ಐಎಲ್‌ಆರ್ ಎಂಬ ಪೆಟ್ಟಿಗೆಯನ್ನು ನೋಡಿ. ಮೇಲೆ ತೆರೆಯುವ ಬಾಗಿಲು, ಹಿಮ ಕರಗಿಸುವ ಸ್ವಯಂಚಾಲಿತ ವ್ಯವಸ್ಥೆ ಇಲ್ಲ. ಐಸು ಅರ್ಧ ಸೆಂಟಿಮೀಟರ್ ದಪ್ಪವಾದರೆ ಸಿಬ್ಬಂದಿಯೇ ಕರಗಿಸಬೇಕು. ತಾನಾಗಿ ಬಿಸಿಯಾಗಿ ತಣ್ಣಗಾಗುವ ಪೆಟ್ಟಿಗೆಯನ್ನು ಮಕ್ಕಳ ಲಸಿಕೆಗೆ ನಂಬಲಾಗದು ಎಂಬ ವಿವೇಕ ಅಲ್ಲಿದೆ. ಮನೆಗಳಿಗೆ ಮಾತ್ರ ಜಾಹೀರಾತು ಬೇರೆ ಪಾಠ ಹೇಳುತ್ತದೆ.

ಎಸೆದ ಪೆಟ್ಟಿಗೆ ಎಲ್ಲಿಗೆ ಹೋಗುತ್ತದೆ? ಗುಜರಿಯವನಿಗೆ ಬೇಕಾದದ್ದು ತಾಮ್ರ ಮತ್ತು ಕಂಪ್ರೆಸರ್. ಕೊಳವೆಯನ್ನು ಕತ್ತರಿಸಿದ ಕ್ಷಣದಲ್ಲಿ ಒಳಗಿನ ಗ್ಯಾಸು ಬುಸ್ಸೆಂದು ಗಾಳಿಗೆ ಹೋಗುತ್ತದೆ. ಹಳೆಯ ಫ್ರಿಜ್ಜುಗಳಲ್ಲಿ ಅದು ಆರ್-134ಎ. ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,430 ಪಟ್ಟು ಭೂಮಿಯನ್ನು ಕಾಯಿಸುವ ಅನಿಲ. ಒಂದು ಫ್ರಿಜ್ಜಿನಿಂದ ನೂರು ಗ್ರಾಂ ಹೋದರೆ 143 ಕಿಲೋ ಇಂಗಾಲದ ಡೈಆಕ್ಸೈಡು ಬಿಟ್ಟಂತೆ. ಅದಕ್ಕೂ ಹಳೆಯದಾದ ಆರ್-12 ಓಜೋನ್ ಪದರವನ್ನೇ ತಿನ್ನುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದ ಹುಟ್ಟಿದ್ದು ಅಂಥ ಅನಿಲಗಳಿಂದಲೇ. ಆರ್-134ಎ ಬಗೆಯ ಅನಿಲಗಳನ್ನು ಇಳಿಸುವ 2016ರ ಕಿಗಾಲಿ ತಿದ್ದುಪಡಿಗೆ ಭಾರತ 2021ರಲ್ಲಿ ಒಪ್ಪಿಗೆಯಿತ್ತಿದೆ. 2028ರಿಂದ ಬಳಕೆ ಏರಬಾರದು, 2047ರ ಹೊತ್ತಿಗೆ ಶೇ. 85ರಷ್ಟು ಇಳಿಯಬೇಕು. ಒಪ್ಪಂದ ದೆಹಲಿಯಲ್ಲಿದೆ, ಕೊಳವೆ ಕತ್ತರಿಸುವ ಇಕ್ಕಳ ಗುಜರಿ ಅಂಗಡಿಯಲ್ಲಿದೆ. ಇವೆರಡರ ನಡುವೆ ಗ್ಯಾಸು ಹಿಡಿದಿಡುವ ಒಂದು ಸಿಲಿಂಡರ್ ಕೂಡ ನಮ್ಮ ಯಾವ ಗುಜರಿ ಅಂಗಡಿಯಲ್ಲಿಯೂ ನನಗೆ ಕಂಡಿಲ್ಲ.

ಕಾಣದ್ದು ಕೆಡಕು ಮಾಡುವುದಿಲ್ಲವೆಂದು ಈ ಜಿಲ್ಲೆಯ ಜನ ನಂಬಬೇಕಾಗಿಲ್ಲ. ರಾಮದೇವರ ಬೆಟ್ಟದ ರಣಹದ್ದುಗಳನ್ನು ಅಳಿವಿನಂಚಿಗೆ ತಂದದ್ದು ದನಗಳಿಗೆ ಚುಚ್ಚಿದ ಡೈಕ್ಲೋಫಿನಾಕ್ ಎಂಬ ನೋವಿನ ಮದ್ದು. ದೇಶದುದ್ದಕ್ಕೂ ಹದ್ದುಗಳು ಸತ್ತ ಮೇಲೆ, 2006ರಲ್ಲಿ, ಅದು ಜಾನುವಾರುಗಳಿಗೆ ನಿಷೇಧವಾಯಿತು. 2012ರಲ್ಲಿ ಬೆಟ್ಟವನ್ನು ರಣಹದ್ದು ಧಾಮವೆಂದು ಘೋಷಿಸಿದಾಗ ಕಾಪಾಡಲು ಉಳಿದಿದ್ದದ್ದು ಬೆರಳೆಣಿಕೆಯ ಹದ್ದುಗಳು.

ಕಾನೂನುಗಳೇ ಇಲ್ಲವೆಂದಲ್ಲ. ಇ-ತ್ಯಾಜ್ಯ ನಿರ್ವಹಣೆಯ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಫ್ರಿಜ್ಜು ಅವುಗಳ ವ್ಯಾಪ್ತಿಯಲ್ಲಿದೆ. ತಯಾರಕರೇ ಹಳೆಯದರ ಹೊಣೆ ಹೊರಬೇಕು. ಆದರೆ ಆ ಹೊಣೆ ಮುಖ್ಯವಾಗಿ ಪುಡಿಮಾಡಿ ಲೋಹ ತೆಗೆದದ್ದಕ್ಕೆ ಸಿಗುವ ಪ್ರಮಾಣಪತ್ರಗಳ ಲೆಕ್ಕ. ಸಾಯದ ಯಂತ್ರವನ್ನು ಸಾಯಿಸದಿರುವುದಕ್ಕೆ ಅಲ್ಲಿ ಏನು ಮಾನ್ಯತೆ? ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ಮಾಡಿತು, ಅದೇ ವರ್ಷದ ಕೊನೆಗೆ ಒಂದು ಜಾಲತಾಣ ತೆರೆಯಿತು. 2025ರಲ್ಲಿ ಇನ್ನೊಂದು ಸಮಿತಿ ದುರಸ್ತಿ ಸೂಚ್ಯಂಕದ ವರದಿ ಕೊಟ್ಟಿತು. ಅದು ಮೊದಲು ಹಿಡಿದದ್ದು ಮೊಬೈಲು ಮತ್ತು ಟ್ಯಾಬ್ಲೆಟ್ಟುಗಳನ್ನು. ಜಾಲತಾಣದಲ್ಲಿ ಕಂಪನಿಗಳ ಗ್ರಾಹಕ ಸೇವೆಯ ಸಂಖ್ಯೆ ಸಿಕ್ಕರೆ ಅತ್ತಿಗೆಗೆ ಏನು ಬಂತು? ಆ ಸಂಖ್ಯೆಗೆ ಕರೆ ಮಾಡಿದರೆ ಬರುವುದು ಎಕ್ಸ್‌ಚೇಂಜ್ ಮಾತಾಡುವ ಅದೇ ಬಗೆಯ ರಿಪೇರಿಯವನೇ.

ಯುರೋಪಿನ ಒಕ್ಕೂಟದಲ್ಲಿ 2021ರ ಮಾರ್ಚಿನಿಂದ ಫ್ರಿಜ್ಜಿನ ಥರ್ಮೋಸ್ಟಾಟ್, ಉಷ್ಣ ಸಂವೇದಕ, ಬೋರ್ಡು ಮತ್ತು ದೀಪಗಳನ್ನು ಆ ಮಾದರಿಯ ಮಾರಾಟ ನಿಂತ ಮೇಲೂ ಏಳು ವರ್ಷ, ಬಾಗಿಲಿನ ರಬ್ಬರನ್ನು ಹತ್ತು ವರ್ಷ ಒದಗಿಸಬೇಕೆಂಬ ನಿಯಮವಿದೆ. ಹಿಮ ಕರಗಿಸುವ ಹೀಟರ್ ಆ ಪಟ್ಟಿಯಲ್ಲಿಲ್ಲವೆಂಬುದನ್ನೂ ಹೇಳಬೇಕು. ಯುರೋಪಿನವರು ಮಾಡಿದ್ದೆಲ್ಲ ಮಾದರಿಯೆಂದು ಕೈಮುಗಿಯುವ ಅಗತ್ಯವಿಲ್ಲ. ಆದರೆ ನಮ್ಮಲ್ಲಿ ಅಷ್ಟೂ ಇಲ್ಲ. ಇಂಧನ ದಕ್ಷತಾ ಬ್ಯೂರೋ ಫ್ರಾಸ್ಟ್ ಫ್ರೀ ಫ್ರಿಜ್ಜುಗಳಿಗೆ 2010ರಿಂದ ನಕ್ಷತ್ರಗಳ ಪಟ್ಟಿಯನ್ನು ಕಡ್ಡಾಯ ಮಾಡಿದೆ. ವರ್ಷಕ್ಕೆ ಎಷ್ಟು ಯೂನಿಟ್ಟು ಎಂದು ಅದು ಹೇಳುತ್ತದೆ, ಎಷ್ಟು ವರ್ಷ ಎಂದು ಹೇಳುವುದಿಲ್ಲ. ಐದು ನಕ್ಷತ್ರದ ಫ್ರಿಜ್ಜು ಐದೇ ವರ್ಷಕ್ಕೆ ಗುಜರಿಗೆ ಹೋದರೆ ಆ ನಕ್ಷತ್ರಗಳನ್ನು ಯಾವ ಆಕಾಶದಲ್ಲಿ ಹುಡುಕೋಣ? ಹಿಮ ಕಟ್ಟಿದ ಫ್ರಿಜ್ಜಿನ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಆಗ ನಕ್ಷತ್ರದ ಲೆಕ್ಕವೆಲ್ಲ ತಲೆಕೆಳಗು. ಮೊದಲಾದರೆ ಬೆಸ್ಕಾಂ ಬಿಲ್ಲು ಏರಿದಾಗ ಮನೆಯವರು ಎಚ್ಚರಗೊಳ್ಳುತ್ತಿದ್ದರು. 2023ರ ಜುಲೈಯಿಂದ ಗೃಹಜ್ಯೋತಿ ಬಂದು ಅನೇಕ ಮನೆಗಳಿಗೆ ಬಿಲ್ಲು ಇಲ್ಲವಾದ ಮೇಲೆ ಆ ಎಚ್ಚರಿಕೆಯ ಗಂಟೆಯೂ ಬಾರಿಸುವುದಿಲ್ಲ. ಬಡವರಿಗೆ ಆ ಯೋಜನೆ ಬೇಕು, ನಿಲ್ಲಿಸಿರೆಂದು ನಾನು ಹೇಳುತ್ತಿಲ್ಲ. ಬಿಲ್ಲನ್ನು ಬಿಟ್ಟು ಮೀಟರನ್ನಾದರೂ ತಿಂಗಳಿಗೊಮ್ಮೆ ನೋಡಿ ಎಂದಷ್ಟೇ ಕೇಳುತ್ತೇನೆ.

ದುರಸ್ತಿ ಈ ಸೀಮೆಗೆ ಹೊಸ ವಿದ್ಯೆಯಲ್ಲ. ಚನ್ನಪಟ್ಟಣದ ಬೊಂಬೆಯ ಕುಶಲಕರ್ಮಿ ತನ್ನ ತಿರುಗಣೆ ಕೆಟ್ಟರೆ ಹೊಸದಕ್ಕೆ ಓಡುವುದಿಲ್ಲ. ರಾಮನಗರದ ರೇಷ್ಮೆ ನೂಲು ಬಿಚ್ಚುವವರು ತಮ್ಮ ಕಾಟೇಜ್ ಬೇಸಿನ್ನುಗಳ ಹಲ್ಲುಚಕ್ರ, ಬೆಲ್ಟು, ಮೋಟಾರುಗಳನ್ನು ಊರಲ್ಲಿಯೇ ಸರಿಮಾಡಿಸಿಕೊಳ್ಳುತ್ತಾರೆ. ಒಂದು ದಿನ ಯಂತ್ರ ನಿಂತರೆ ಗೂಡು ಹಾಳು. ಅಲ್ಲಿ ಬಿಡಿಭಾಗ ಸಿಗುತ್ತದೆ, ಒಳಗಿನದು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ವಿದ್ಯೆ ಉಳಿದಿದೆ. ಫ್ರಿಜ್ಜಿನ ವಿಷಯದಲ್ಲಿ ಇವೆರಡನ್ನೂ ಕಿತ್ತುಕೊಂಡು, ಬಳಿಕ ‘ಹಳ್ಳಿ ಮೆಕ್ಯಾನಿಕ್ಕಿಗೆ ಏನು ಗೊತ್ತು’ ಎಂದು ಹಂಗಿಸುತ್ತಾರೆ. ನಮ್ಮ ಐಟಿಐ ಹುಡುಗ ಮುನ್ನೂರು ರೂಪಾಯಿಯೊಳಗಿನ ಸಾಮಾನಿಗಾಗಿ ಕನಕಪುರದಲ್ಲೆಲ್ಲ ಹುಡುಕಿ, ಸಿಗದೆ, ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಬರಬೇಕಾಯಿತು. ಜೊತೆಗೆ ಹೋದ ಅತ್ತಿಗೆಗೆ ಶಕ್ತಿ ಯೋಜನೆಯ ಬಸ್ಸು ಉಚಿತ, ಹುಡುಗನಿಗೆ ಟಿಕೀಟು! 2025ರ ಮೇ ತಿಂಗಳಲ್ಲಿ ಸರ್ಕಾರ ಈ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ತೀರ್ಮಾನಿಸಿತು. ಜಿಲ್ಲೆಯ ಹೆಸರು ಬದಲಾಯಿಸುವಷ್ಟು ಸುಲಭವಾಗಿ ಜಿಲ್ಲೆಯೊಳಗೆ ಒಂದು ಬೈಮೆಟಲ್ ಬದಲಾಯಿಸಲು ಆಗುವುದಿಲ್ಲ.

ಆದ್ದರಿಂದ ನಮ್ಮ ಒತ್ತಾಯಗಳು ಸ್ಪಷ್ಟವಾಗಿರಲಿ. ಪ್ರತಿ ಫ್ರಿಜ್ಜಿನ ಬೆನ್ನ ಮೇಲೆ ಅದರ ವೈರಿಂಗ್ ನಕ್ಷೆ ಅಂಟಿಸಿರಬೇಕು. ಹೀಟರ್, ಬೈಮೆಟಲ್, ಫ್ಯೂಸು, ಸಂವೇದಕ, ಫ್ಯಾನು, ಬೋರ್ಡುಗಳನ್ನು ಮಾರಾಟ ನಿಂತ ಮೇಲೂ ಹತ್ತು ವರ್ಷ ಯಾವ ಮೆಕ್ಯಾನಿಕ್ಕಿಗಾದರೂ ಮಾರಬೇಕು. ನಕ್ಷತ್ರದ ಪಟ್ಟಿಯ ಮೇಲೆಯೇ ದುರಸ್ತಿಯ ಅಂಕವೂ ಇರಬೇಕು. ಐಟಿಐಗಳಿಗೆ ಗ್ಯಾಸು ಹಿಡಿಯುವ ಉಪಕರಣ ಕೊಟ್ಟು, ಗುಜರಿಯವರು ಕೊಳವೆ ಕತ್ತರಿಸುವ ಮೊದಲು ಅಲ್ಲಿಗೆ ತರುವಂತೆ, ತಂದವರಿಗೆ ನಷ್ಟವಾಗದಂತೆ ಏರ್ಪಾಡಾಗಬೇಕು. ಗುಜರಿಯವನನ್ನು ಬೈದು ಪ್ರಯೋಜನವಿಲ್ಲ. ಅವನದು ಹೊಟ್ಟೆಪಾಡು.

ಒತ್ತಾಯಕ್ಕೆ ಆಧಾರ ಬೇಕು, ಆಧಾರ ನಮ್ಮ ಮನೆಗಳಲ್ಲಿಯೇ ಇದೆ. ಜಿಲ್ಲೆಯ ಎಲ್ಲ ತಾಲ್ಲೂಕುಗಳ ವಿದ್ಯಾರ್ಥಿ ಗೆಳೆಯರು ಒಂದು ನೋಟ್‌ಬುಕ್ಕು ಹಿಡಿದು ತಮ್ಮೂರಿನ ಹತ್ತು ಮನೆಗಳಿಗೆ ಹೋಗಲಿ. ಫ್ರಿಜ್ಜಿನ ಹಿಂದೆ ಕಂಪ್ರೆಸರಿನ ಬಳಿಯ ತಗಡಿನ ಮೇಲೆ ಗ್ಯಾಸಿನ ಹೆಸರು ಮತ್ತು ಗ್ರಾಂ ಬರೆದಿರುತ್ತದೆ, ಅದನ್ನು ಗುರುತು ಮಾಡಿಕೊಳ್ಳಲಿ. ಕೊಂಡ ವರ್ಷ, ಕೆಟ್ಟ ವರ್ಷ, ರಿಪೇರಿಯವನು ಹೇಳಿದ್ದೇನು, ಬಿಚ್ಚಿ ನೋಡಿದನೆ, ಎಷ್ಟು ಕೇಳಿದ, ಕೊನೆಗೆ ಪೆಟ್ಟಿಗೆ ಎಲ್ಲಿಗೆ ಹೋಯಿತು ಎಂದು ಬರೆದುಕೊಳ್ಳಲಿ. ಮನೆಯವರ ಹೆಸರು ಬೇಡ, ಊರಿನ ಹೆಸರು ಸಾಕು. ಆ ಪುಟಗಳನ್ನು ಮುಂದಿನ ಗ್ರಾಮಸಭೆಯ ಮೇಜಿನ ಮೇಲಿಟ್ಟು, ನಡಾವಳಿಯಲ್ಲಿ ಬರೆಸಿ, ಒಂದು ಪ್ರತಿಯನ್ನು ಈ ಪತ್ರಿಕೆಗೆ ಕಳುಹಿಸಿ. ಅತ್ತಿಗೆಯ ಊರಿನ ಮೊದಲ ಪುಟ ಆಗಲೇ ಬಂದಿದೆ. ಅದರಲ್ಲಿ ಏಳು ಫ್ರಿಜ್ಜುಗಳಿವೆ. ಮೂರರ ಮುಂದೆ ‘ಬಿಚ್ಚಿ ನೋಡಲಿಲ್ಲ’ ಎಂದು ಬರೆದಿದೆ.